ಕಬ್ಬಿಣದ ಬ್ಲಾಕಿನ ಬುಲೆಟ್ 350: ಬೋರು 40ಕ್ಕೋ 60ಕ್ಕೋ?

ಕಾಳಿದಂಡೆ (ಕಾರವಾರ):
1984ರ ಬುಲೆಟ್ 350. ಆರೇಳು ಮಳೆಗಾಲ ಶೆಡ್ಡಿನಲ್ಲೇ ನಿಂತ ಗಾಡಿ. ಪಿಸ್ಟನ್ ತಲೆ ಮೇಲೆ 020 ಅಂತ ಇದೆ (ಸ್ಟ್ಯಾಂಡರ್ಡಿಗಿಂತ ಇಂಚಿನ ಸಾವಿರದಲ್ಲಿ 20 ಭಾಗ ದೊಡ್ಡದು), ಅಂದರೆ ಒಮ್ಮೆ ಬೋರ್ ಆಗಿದೆ, ಸಿಲಿಂಡರಿನ ಒಳಗೋಡೆ ಕೊರೆದು ದೊಡ್ಡದು ಮಾಡಿದ್ದಾರೆ. ಬೋರ್ ಗೇಜಿಗೆ ಮೇಲ್ಗಡೆ ಹಿಂದೆ-ಮುಂದೆ 70.64, ಪಿನ್ನಿನ (ಪಿಸ್ಟನ್ನನ್ನ ರಾಡಿಗೆ ಜೋಡಿಸೋದು) ದಿಕ್ಕಿಗೆ 70.58, ಬುಡದಲ್ಲಿ 70.53 ಮಿ.ಮೀ. ರಿಂಗು ಕೂತಿದ್ದ ಜಾಗದಲ್ಲಿ ತುಕ್ಕು ತಿಂದ ಗುಳಿ, ಉಗುರಿಗೆ ಸಿಗ್ತದೆ, ಆಳ ಸುಮಾರು 0.10. ಲೇತಿನವರು "60 ಹಾಕಿಬಿಡಿ, ಪಿಕಪ್ಪೂ ಬರ್ತದೆ" ಅಂತಾರೆ. ಹೌದಾ?

ಘಟ್ಟದಮೇಲೆ (ಶಿರಸಿ):
60 ಬೇಡ ಮಾರಾಯ್ರೆ. ಸ್ಟ್ಯಾಂಡರ್ಡ್ ಬೋರು 70, ಸ್ಟ್ರೋಕು (ಪಿಸ್ಟನ್ನಿನ ಓಡಾಟ) 90 ಮಿ.ಮೀ., ಅದಕ್ಕೆ 346 ಸಿಸಿ. 60 ಅಂದರೆ 1.52 ಮಿ.ಮೀ. ಹೆಚ್ಚು, 361 ಚಿಲ್ಲರೆ ಸಿಸಿ. ಹದಿನೈದು ಸಿಸಿಗೆ ಎಂಥಾ ಪಿಕಪ್ಪು? ಮುಂದಿನ ಸಲ ಸ್ಲೀವ್ (ಹೊಸ ಒಳಕೊಳವೆ) ಹಾಕಿಸೋದೇ ಗತಿ ಆಗ್ತದೆ, ಅಷ್ಟೇ.

ಗುಳಿ ಹೋಗುವಷ್ಟು ಮಾತ್ರ ಕೊರೆಸಿ. ಗುಳಿಯ ಆಳವನ್ನ ಎರಡು ಸಲ ಕೂಡಿಸಬೇಕು, ಯಾಕಂದ್ರೆ ಬೋರು ನಡುಗೆರೆ ಬಿಡದೆ ಸುತ್ತಲೂ ಸಮ ಹಿಗ್ಗಬೇಕು. ಆ ಮಟ್ಟದಲ್ಲಿ 70.58 ಇದ್ದರೆ 0.20 ಸೇರಿ 70.78. 30ರ ಸೈಜು 70.76ಕ್ಕೇ ಮುಗೀತದೆ, ಗುಳಿಯ ತಳ ಉಳೀತದೆ. 40 ಅಂದರೆ 71.02. ಅದೇ ಸರಿ.

ಪಿಸ್ಟನ್ ಮೊದಲು ಕೈಗೆ ಬರಲಿ, ಬ್ಲಾಕು ಆಮೇಲೆ ಲೇತಿಗೆ ಹೋಗಲಿ. ಡಬ್ಬಿ ಮೇಲಿನ 40 ನಂಬಬೇಡಿ. ಸ್ಕರ್ಟಿನ (ಪಿಸ್ಟನ್ನಿನ ಕೆಳಭಾಗದ) ಬುಡದ ಹತ್ತಿರ, ಪಿನ್ನಿಗೆ ಅಡ್ಡವಾಗಿ, ಮೈಕ್ರೋಮೀಟರಲ್ಲಿ ಅಳೀರಿ, ವರ್ನಿಯರಲ್ಲಿ ಅಲ್ಲ. ಬಂದ ಅಳತೆಗೆ 0.08ರಿಂದ 0.10 ಸೇರಿಸಿ, ಬೋರು ಇಷ್ಟಿರಲಿ ಅಂತ ಲೇತಿನವರಿಗೆ ಚೀಟಿ ಬರೆದು ಕೊಡಿ. ಇದು ಮಾಮೂಲಿ ಎರಕದ ಪಿಸ್ಟನ್ನಿಗೆ. ಫೋರ್ಜ್ಡ್ ಆದರೆ ಇನ್ನೂ ಸಡಿಲ ಬೇಕು. "ಟೈಟಾಗಿರಲಿ, ಬಾಳಿಕೆ ಬರ್ತದೆ" ಅಂತ 0.05ಕ್ಕೆ ಬಿಟ್ಟರೆ ಕಾದಾಗ ಪಿಸ್ಟನ್ ಹಿಗ್ಗಿ ಜಾಮ್. ಅಲ್ಯೂಮಿನಿಯಂ ಹಿಗ್ಗುವಷ್ಟು ಕಬ್ಬಿಣ ಹಿಗ್ಗೂದಿಲ್ಲ. ಕೊನೇ 0.05 ಹೋನಿಂಗಿಗೆ (ಕಲ್ಲಲ್ಲಿ ಉಜ್ಜಿ ಮುಗಿಸೋದಕ್ಕೆ) ಉಳಿಸಿ ಅನ್ನಿ. ಅಡ್ಡಗೆರೆ ಬೀಳದಿದ್ದರೆ ಎಣ್ಣೆ ನಿಲ್ಲೂದಿಲ್ಲ.

ಪಾನಾ14:
ಮೊದಲು ಕನೆಕ್ಟಿಂಗ್ ರಾಡ್ ನೋಡಿ. ಮೇಲೆ-ಕೆಳಗೆ ಎಳೆದಾಗ ಟಕ್ ಅಂದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ, ಬೋರಿನ ದುಡ್ಡು ದಂಡ. ಹಳೇ ಪಿಸ್ಟನ್ ಒಂದು ಬದಿಗೆ ಮೇಲೆ, ಇನ್ನೊಂದು ಬದಿಗೆ ಕೆಳಗೆ ಉಜ್ಜಿದ್ದರೆ ರಾಡ್ ಬಾಗಿದೆ.

ಕಾಳಿದಂಡೆ:
ಬಿಗ್ ಎಂಡ್ ಗಟ್ಟಿ ಇದೆ, ಉಜ್ಜಿದ್ದೂ ನೇರ. 40ರ ಪಿಸ್ಟನ್ ಸಿಕ್ತು, ರಿಂಗ್ ಸೆಟ್ ಮಾತ್ರ ಅಂಗಡೀಲಿ 60ರದ್ದೇ ಇರೋದು. ತುದಿ ಅರ ಹಾಕಿ ಕೂರಿಸಬಹುದಾ?

ಘಟ್ಟದಮೇಲೆ:
ಬೇಡ. ತುದಿ ಕಡಿದರೆ ರಿಂಗು ಒಳಗೆ ಕೂರ್ತದೆ, ದುಂಡಗೆ ಕೂರೂದಿಲ್ಲ. ಅಲ್ಲಲ್ಲಿ ಬೆಳಕು ಕಾಣ್ತದೆ, ಹೊಗೆ ಶುರು. 40ರದ್ದೇ ತರಿಸಿ. ರಿಂಗನ್ನ ಬೋರಿಗೆ ಇಳಿಸಿ, ಪಿಸ್ಟನ್ನಿಂದ ತಳ್ಳಿ ನೇರ ಮಾಡಿ, ತುದಿಗಳ ಸಂದಿಗೆ ಫೀಲರ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ: 0.30–0.35 ಮಿ.ಮೀ. ಇರಲಿ. ಕಡಿಮೆ ಬಂದರೆ ಆಗ ಕೂದಲೆಳೆಯಷ್ಟು ಅರ ಹಾಕೋದು ತಪ್ಪಲ್ಲ. ಪಿನ್ನಿನ ಲಾಕು ಎರಡೂ ಹೊಸತು ಹಾಕಿ.

ಪಾನಾ14:
ಲೇತಿಂದ ಬಂದ ಬ್ಲಾಕನ್ನ ಪೆಟ್ರೋಲಲ್ಲಿ ತೊಳೆದು ಸುಮ್ಮನಾಗಬೇಡಿ, ಹೋನಿಂಗಿನ ಪುಡಿ ಗೆರೆಯೊಳಗೇ ಉಳೀತದೆ. ಬಿಸಿನೀರು, ಸೋಪಿನ ಪುಡಿ, ಬ್ರಶ್ಶು. ಬಿಳಿ ಬಟ್ಟೆ ಒರೆಸಿದಾಗ ಬೂದು ಬಣ್ಣ ಹತ್ತಬಾರದು. ಒಣಗಿಸಿ ಕೂಡಲೇ ಎಣ್ಣೆ ಸವರಿ. ಕಾರವಾರದ ಗಾಳಿಗೆ ಒಂದು ಚಾ ಕುಡಿದು ಬರೂದ್ರೊಳಗೆ ಬೋರು ಕೆಂಪಾಗ್ತದೆ. ಮೊದಲ 500 ಕಿ.ಮೀ. ಅಂಕೋಲಾ-ಕುಮಟಾ ಕಡೆ ಓಡಿಸಿ, ಥ್ರಾಟ್ಲು ಏರಿಸಿ ಇಳಿಸ್ತಾ. ಅರಬೈಲ್ ಘಟ್ಟ ಆಮೇಲೆ.