ಮ್ಯಾಕ್‌ನಿಂದ ಉಬುಂಟುಗೆ ಬಂದೆ, ಮ್ಯಾಜಿಕ್ ಕೀಬೋರ್ಡ್ ಬಿಡಲು ಮನಸ್ಸಿಲ್ಲ

ಮಂಡಿಪೇಟೆ ಡಿಟಿಪಿ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಡಿಟಿಪಿ ಮಾಡುವವಳು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದವರ ಸ್ಮರಣ ಸಂಚಿಕೆ, ಇದೇ ಕೆಲಸ. ಇಷ್ಟು ವರ್ಷ ಮ್ಯಾಕ್ ಮಿನಿ ಇತ್ತು. ತಂಗಿ ಕಾಲೇಜು ಸೇರಿದಳು ಅಂತ ಅವಳಿಗೆ ಕೊಟ್ಟೆ. ಈಗ ನನ್ನದು ಉಬುಂಟು (ಲಿನಕ್ಸ್‌ನ ಒಂದು ಬಗೆ) ಇರುವ ಪಿಸಿ. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಮಾಡಿದ ಹಳೆಯ ಫೈಲುಗಳಿಗೋಸ್ಕರ ವಿಂಡೋಸನ್ನೂ ಉಳಿಸಿಕೊಂಡಿದ್ದೇನೆ.

ಆ್ಯಪಲ್‌ನ ವೈರ್‌ಲೆಸ್ ಮ್ಯಾಜಿಕ್ ಕೀಬೋರ್ಡ್ ಮತ್ತು ಮೌಸ್ ಬದಲಿಗೆ ಬಳಸುವ ಟ್ರ್ಯಾಕ್‌ಪ್ಯಾಡ್ 2 ಮಾತ್ರ ಕೊಡಲಿಲ್ಲ. ಟ್ರ್ಯಾಕ್‌ಪ್ಯಾಡ್ ಬಂದ ಮೇಲೆ ನನ್ನ ಮಣಿಕಟ್ಟಿನ ನೋವು ಎಷ್ಟೋ ಕಡಿಮೆಯಾಗಿದೆ. ಮತ್ತೆ ಮೌಸ್ ಹಿಡಿಯಲು ನನಗೆ ನಿಜವಾಗಿಯೂ ಭಯ.

ತೊಂದರೆ ಏನೆಂದರೆ, ಉಬುಂಟುವಿನಲ್ಲಿ ಪೇರ್ ಮಾಡಿದರೆ (ಬ್ಲೂಟೂತ್‌ನಲ್ಲಿ ಜೋಡಿಸಿದರೆ) ಎರಡೂ ಚೆನ್ನಾಗಿ ನಡೆಯುತ್ತವೆ. ವಿಂಡೋಸ್‌ಗೆ ಹೋಗಿ ಅಲ್ಲಿಯೂ ಪೇರ್ ಮಾಡಿ ವಾಪಸ್ ಬಂದರೆ ಉಬುಂಟು ಗುರುತೇ ಹಿಡಿಯುವುದಿಲ್ಲ. ಮತ್ತೆ ಮೊದಲಿನಿಂದ ಪೇರ್ ಮಾಡಬೇಕು. ಮುಹೂರ್ತದ ಸಮಯ ತಿದ್ದಿಸಲು ಗಿರಾಕಿ ಎದುರಿಗೇ ಕೂತಿರುವಾಗ ಇದು ಆಗುವ ಮಾತಾ? ಇನ್ನೊಂದು, ಫೈಲಿನ ಹೆಸರು ಬದಲಿಸಲು ಎಫ್2 ಒತ್ತಿದರೆ ಬ್ರೈಟ್‌ನೆಸ್ ಕೀಲಿಯಾಗುತ್ತದೆ. ಕಾಪಿ ಮಾಡಲು ಹೆಬ್ಬೆರಳು ತಾನಾಗಿ ಕಮಾಂಡ್ ಕೀಲಿಗೆ ಹೋಗುತ್ತದೆ, ಏನೂ ಆಗುವುದಿಲ್ಲ. ದಾರಿ ಇದೆಯಾ?

ದುರ್ಗದ ಲಿನಕ್ಸ್:

ಇದೆ ಅಕ್ಕಾ. ನಿಮ್ಮ ಕೀಬೋರ್ಡ್ ಕೆಟ್ಟಿಲ್ಲ. ಪೇರ್ ಮಾಡಿದಾಗ ಪಿಸಿ ಮತ್ತು ಕೀಬೋರ್ಡ್ ಒಂದು ಗುಟ್ಟಿನ ಸಂಖ್ಯೆ ಒಪ್ಪಿಕೊಳ್ಳುತ್ತವೆ. ಇದಕ್ಕೆ ಲಿಂಕ್ ಕೀ ಅಂತಾರೆ. ಉಬುಂಟು, ವಿಂಡೋಸ್ ಎರಡೂ ಬಳಸುವುದು ಅದೇ ಬ್ಲೂಟೂತ್ ಚಿಪ್. ಹಾಗಾಗಿ ಕೀಬೋರ್ಡಿಗೆ ಎರಡೂ ಒಂದೇ ಪಿಸಿ. ವಿಂಡೋಸ್‌ನಲ್ಲಿ ಪೇರ್ ಮಾಡಿದ ಕೂಡಲೇ ಉಬುಂಟು ಇಟ್ಟುಕೊಂಡ ಸಂಖ್ಯೆ ಹಳತಾಗುತ್ತದೆ.

ಪರಿಹಾರ: ಮೊದಲು ಉಬುಂಟುವಿನಲ್ಲಿ ಪೇರ್ ಮಾಡಿ, ಆಮೇಲೆ ವಿಂಡೋಸ್‌ನಲ್ಲಿ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿರುವ ಲಿಂಕ್ ಕೀಯನ್ನು ಉಬುಂಟುವಿನ ಬ್ಲೂಟೂತ್ ಫೋಲ್ಡರಿನಲ್ಲಿ, ಆ ಕೀಬೋರ್ಡಿನ 'ಇನ್ಫೋ' ಫೈಲಿಗೆ ಹಾಕಿ. ಬ್ಲೂಟೂತ್ ಸರ್ವಿಸ್ ರೀಸ್ಟಾರ್ಟ್ ಮಾಡಿ. ಟ್ರ್ಯಾಕ್‌ಪ್ಯಾಡ್‌ಗೂ ಬೇರೆಯಾಗಿ ಇದೇ ಕೆಲಸ. ಆಮೇಲೆ ಯಾವ ಕಡೆಯೂ ಮತ್ತೆ ಪೇರ್ ಮಾಡಬೇಡಿ, ಮಾಡಿದರೆ ಸಂಖ್ಯೆ ಬದಲಾಗುತ್ತದೆ.

ಎಫ್ ಕೀಲಿಗಳಿಗೆ 'ಎಚ್‌ಐಡಿ ಆ್ಯಪಲ್' ಅನ್ನುವ ಕರ್ನಲ್ ಮಾಡ್ಯೂಲ್ (ಲಿನಕ್ಸ್‌ನ ತಿರುಳಿನಲ್ಲೇ ಇರುವ ಡ್ರೈವರ್) ಇದೆ. ಅದರಲ್ಲಿ ಎಫ್‌ಎನ್‌ಮೋಡ್ 2 ಅಂತ ಕೊಟ್ಟರೆ ಎಫ್2 ನೇರವಾಗಿ ಎಫ್2 ಆಗುತ್ತದೆ. ಕಂಟ್ರೋಲ್, ಕಮಾಂಡ್ ಅದಲು ಬದಲು ಮಾಡುವ ಆಯ್ಕೆಯೂ ಅಲ್ಲೇ ಇದೆ. ನಿಮ್ಮ ಹೆಬ್ಬೆರಳಿಗೆ ಬೇಕಾದದ್ದು ಅದೇ. ಮಾಡಿದ ಮೇಲೆ ಇನಿಟ್‌ರಾಮ್‌ಎಫ್‌ಎಸ್ (ಉಬುಂಟು ಶುರುವಾಗುವಾಗ ಮೊದಲು ಓದುವ ಫೈಲು) ಅಪ್‌ಡೇಟ್ ಮಾಡುವುದನ್ನು ಬಿಡಬೇಡಿ.

ಹರಿಹರ ಪ್ರೆಸ್:

ಗಿರಾಕಿ ಕೂತಿರುವಾಗ ರಿಜಿಸ್ಟ್ರಿ ಹುಡುಕುವುದು ಬೇಡ ಮೇಡಂ, ಸುಮ್ನೆ ಚಾರ್ಜಿಂಗ್ ಕೇಬಲ್ ಹಾಕಿ. ವೈರ್ ಇದ್ದರೆ ಅದು ಸಾದಾ ಯುಎಸ್‌ಬಿ ಕೀಬೋರ್ಡ್. ಪಿಸಿ ಆನ್ ಆದಾಗ ಉಬುಂಟುವೋ ವಿಂಡೋಸೋ ಅಂತ ಕೇಳುವ ಮೆನು ಬರುತ್ತದಲ್ಲ, ಅಲ್ಲಿ ಸಾಮಾನ್ಯವಾಗಿ ಬ್ಲೂಟೂತ್ ನಡೆಯುವುದಿಲ್ಲ, ವೈರ್ ನಡೆಯುತ್ತದೆ.

ಟ್ರ್ಯಾಕ್‌ಪ್ಯಾಡ್ 2ಕ್ಕೆ ಲಿನಕ್ಸ್ ಕರ್ನಲ್ 4.20ರಿಂದ, ಅಂದರೆ 2018ರ ಕೊನೆಯಿಂದ, ಬೆಂಬಲ ಇದೆ. ವಿಂಡೋಸ್‌ನಲ್ಲಿ ಬೇರೆ ಡ್ರೈವರ್ ಹಾಕದಿದ್ದರೆ ಎರಡು ಬೆರಳಿನ ಸ್ಕ್ರೋಲ್ ಸಿಗುವುದಿಲ್ಲ. ನಿಮ್ಮ ಮಣಿಕಟ್ಟಿನ ಸಲುವಾಗಿ ಹೇಳುತ್ತಿದ್ದೇನೆ, ವಿಂಡೋಸ್ ಕೆಲಸವನ್ನೇ ಕಡಿಮೆ ಮಾಡಿ. ಟೈಪಿಂಗಿಗೆ ಉಬುಂಟುವಿನಲ್ಲೇ ಕಗಪ ಅನ್ನುವ, ನುಡಿಯಂಥದ್ದೇ ಕೀಲಿ ವಿನ್ಯಾಸ ಇದೆ. ನುಡಿಯ ಕೈ ಇದ್ದವರಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇಲ್ಲ.

ಮಂಡಿಪೇಟೆ ಡಿಟಿಪಿ:

ಇಬ್ಬರಿಗೂ ತುಂಬಾ ಧನ್ಯವಾದ. ಎಫ್2 ಸರಿಯಾಯಿತು, ಕಾಪಿ ಈಗ ಹೆಬ್ಬೆರಳಿಗೇ ಬಂತು. ಕೇಬಲ್ ಹಾಕಿಯೇ ಇಟ್ಟಿದ್ದೇನೆ. ಕಗಪದಲ್ಲಿ ಒತ್ತಕ್ಷರಕ್ಕೆ ನುಡಿಯ ಹಾಗೇ ಎಫ್ ಅಕ್ಷರದ ಕೀಲಿ ಇರುವುದು ನೋಡಿ ಸಮಾಧಾನವಾಯಿತು. ಆದರೆ ಹಳೆಯ ಸ್ಮರಣ ಸಂಚಿಕೆಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಹಳೇ ನುಡಿ ಫಾಂಟಿನವು. ಅವುಗಳಿಗೆ?

ದುರ್ಗದ ಲಿನಕ್ಸ್:

ಅವನ್ನು ಒಮ್ಮೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಕಣ್ಣಿಟ್ಟು ನೋಡಿ, ತಪ್ಪು ಅಲ್ಲೇ ಜಾಸ್ತಿ ಬರುತ್ತದೆ.