ಪದಚರ್ಚೆ: ಮನವಿ, ದೂರು, ಆಕ್ಷೇಪಣೆ – ಕೇರಿಯ ಕರಪತ್ರಕ್ಕೆ ಯಾವ ಪದ?

ಪ್ರಶ್ನೆ:

ನಮಸ್ಕಾರ. ಬೆಂಗಳೂರಿನಲ್ಲಿ ರಾಜಕಾಲುವೆಯ ಪಕ್ಕದ ಕೇರಿಗಳಿಗೆ ಹಂಚಲು ಒಂದು ಕರಪತ್ರ ಸಿದ್ಧವಾಗುತ್ತಿದೆ. ಕಾರ್ಖಾನೆಯ ಬಣ್ಣದ ನೀರು ಮೋರಿಗೆ ಬರುವುದು, ಖಾಲಿ ಸೈಟಿನಲ್ಲಿ ಕಸ ಸುಡುವುದು, ಮಳೆಗೆ ಮನೆಯೊಳಗೆ ಕೊಳಚೆ ಉಕ್ಕುವುದು – ಇವುಗಳ ಬಗ್ಗೆ ಜನ ಸೇರಿ ಏನು ಮಾಡಬಹುದು ಎಂಬುದೇ ವಿಷಯ. ‘ಪರಿಸರ ನ್ಯಾಯ’, ‘ಬೇರುಮಟ್ಟದ ಸಂಘಟನೆ’ ಎಂಬ ಮಾತುಗಳು ಓದುಗರನ್ನು ತಲುಪುತ್ತವೆಯೇ? ಮನವಿ, ದೂರು, ಅಹವಾಲು, ಆಕ್ಷೇಪಣೆ ಇವೆಲ್ಲ ಒಂದೇ ಅರ್ಥದವೇ? ‘ಕೊಳೆಗೇರಿ’ ಎಂದು ಬರೆಯಬಹುದೇ? ಬಲ್ಲವರು ತಿಳಿಸಿ.

ಉತ್ತರ 1:

ನಡುವಿನ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಅಲ್ಲಿ ಪದ ತಪ್ಪಿದರೆ ಕೆಲಸವೇ ಕೆಡುತ್ತದೆ. ನಿಘಂಟಿನಲ್ಲಿ ಈ ನಾಲ್ಕೂ ಹತ್ತಿರದ ಪದಗಳು. ಕಚೇರಿಯಲ್ಲಿ ಒಂದೊಂದರದೂ ಬೇರೆ ದಾರಿ.

ಮನವಿ ಎಂದರೆ ಕೇಳಿಕೊಳ್ಳುವುದು. ಬೀದಿದೀಪ, ನಲ್ಲಿ, ಶೌಚಾಲಯ ಬೇಕಾದಾಗ ಅದು ಸರಿಯಾದ ಪದ. ಕಾರ್ಖಾನೆ ವಿಷದ ನೀರು ಬಿಡುತ್ತಿರುವಾಗ ಮನವಿ ಬರೆದರೆ ತಪ್ಪು ನಡೆದಿದೆ ಎಂಬ ಮಾತೇ ಕಾಗದದಲ್ಲಿ ಇರುವುದಿಲ್ಲ. ಅಲ್ಲಿ ಬೇಕಾದದ್ದು ದೂರು: ಯಾರು, ಎಲ್ಲಿ, ಯಾವ ದಿನ, ಯಾವ ಕಾನೂನು ಮೀರಿದರು, ಯಾವ ಕ್ರಮ ಆಗಬೇಕು. ಮೋರಿಗೆ ಬರುವ ವಿಷದ ನೀರಿಗೆ 1974ರ ಜಲಮಾಲಿನ್ಯ ಕಾಯ್ದೆಯ 24ನೇ ಕಲಂ ಎಂದು ನಮೂದಿಸಿದರೆ ಸಾಕು. ಅಹವಾಲು ಸಭೆಯ ಪದ, ಎದುರು ನಿಂತು ಕಷ್ಟ ಹೇಳಿಕೊಳ್ಳುವುದು. ಬರಹದ ಬೆಂಬಲವಿಲ್ಲದಿದ್ದರೆ ಅದು ಸಭೆಯೊಂದಿಗೇ ಮುಗಿಯುತ್ತದೆ.

ಆಕ್ಷೇಪಣೆಗೆ ಗಡುವು ಇರುತ್ತದೆ. ದೊಡ್ಡ ಕಸ ಸಂಸ್ಕರಣಾ ಘಟಕದಂಥ ಯೋಜನೆಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಆಲಿಕೆ, ಅಂದರೆ ಜನರ ಅಭಿಪ್ರಾಯ ಕೇಳುವ ಸಭೆ ನಡೆಯಬೇಕಾದಾಗ, ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು. ಅದು ಪ್ರಾದೇಶಿಕ ಭಾಷೆಯ ಒಂದು ಪತ್ರಿಕೆಯಲ್ಲೂ ಬರಬೇಕು. ಆ ಅವಧಿಯೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಲುಪಿದ್ದು ಆಕ್ಷೇಪಣೆ; ಆಲಿಕೆ ಮುಗಿದ ಮೇಲೆ ಕೊಟ್ಟದ್ದು ಬರೀ ಪತ್ರ. ಆಲಿಕೆಗೆ ಇಷ್ಟೇ ಜನ ಸೇರಬೇಕೆಂಬ ಕೋರಂ ಇಲ್ಲ, ಆದ್ದರಿಂದ ಬಹಿಷ್ಕರಿಸಿ ಹೊರಗೆ ಉಳಿದರೂ ಸಭೆ ನಡೆದಂತೆಯೇ ಲೆಕ್ಕ. ಕೊನೆಗೆ ಸಭೆಯ ನಡವಳಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು, ಅದೇ ದಿನ ಅದಕ್ಕೆ ಸಹಿ ಬೀಳಬೇಕು. ಜನ ಘೋಷಣೆ ಕೂಗಿ ಅಷ್ಟರೊಳಗೆ ಎದ್ದು ಹೋಗುವುದೇ ಹೆಚ್ಚು. ಕರಪತ್ರದಲ್ಲಿ ‘ನಡವಳಿ ಓದುವವರೆಗೆ ಕೂತಿರಿ’ ಎಂಬ ಒಂದು ಸಾಲು ದಪ್ಪಕ್ಷರದಲ್ಲಿರಲಿ.

ಯಾವುದನ್ನೇ ಬರೆಯಲಿ, ಟಪಾಲು ಶಾಖೆಯಲ್ಲಿ ಕೊಟ್ಟು ಎರಡನೆಯ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಬೇಕು. ಮಂತ್ರಿಯ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡ ಕಾಗದಕ್ಕೆ ಎಷ್ಟೋ ಸಲ ಕಡತವೇ ಹುಟ್ಟುವುದಿಲ್ಲ. ಮುಂದಿನ ಮೆಟ್ಟಿಲು ‘ಹಿಂಬರಹ’, ಅಂದರೆ ಕಚೇರಿ ಲಿಖಿತವಾಗಿ ಕೊಡುವ ಉತ್ತರ. ‘ನೋಡ್ತೀವಿ ಹೋಗಿ’ ಎಂದವರಿಗೆ ‘ಹಿಂಬರಹ ಕೊಡಿ ಸ್ವಾಮಿ’ ಎನ್ನುವುದನ್ನು ಎಲ್ಲರಿಗೂ ಕಲಿಸಬೇಕು. ಆಗುವುದಿಲ್ಲ ಎಂಬ ಹಿಂಬರಹವೂ ಮೇಲಿನ ಅಧಿಕಾರಿಯ ಮುಂದೆ ದಾಖಲೆಯೇ. ಅದೂ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಕಷ್ಟವನ್ನೆಲ್ಲ ಅದರಲ್ಲೇ ತೋಡಿಕೊಂಡರೆ ಆ ನೆಪಕ್ಕೇ ವಾಪಸ್ ಬರುತ್ತದೆ.

ನೀವು ಕೇಳದ, ಆದರೆ ಹೆಚ್ಚು ಎಡವಿಸುವ ಪದ ‘ಮೋರಿ’. ಮಾತಿನಲ್ಲಿ ಕೊಳೆನೀರು ಹರಿಯುವುದೆಲ್ಲ ಮೋರಿ, ಕಾಗದದಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ನೆಲದಡಿಯ ಕೊಳವೆ ‘ಒಳಚರಂಡಿ’, ಅದು ಜಲಮಂಡಳಿಯದು. ರಸ್ತೆ ಬದಿಯದು ‘ಚರಂಡಿ’, ಅದು ಪಾಲಿಕೆಯ ವಾರ್ಡ್ ಎಂಜಿನಿಯರರದು. ‘ರಾಜಕಾಲುವೆ’ಗೆ ಬೃಹತ್ ಮಳೆನೀರುಗಾಲುವೆಯ ಪ್ರತ್ಯೇಕ ವಿಭಾಗ. ಮ್ಯಾನ್‌ಹೋಲ್ ಉಕ್ಕಿದ್ದನ್ನು ‘ಚರಂಡಿ ಉಕ್ಕಿದೆ’ ಎಂದು ಬರೆದರೆ ಪಾಲಿಕೆ ಜಲಮಂಡಳಿಯ ಕಡೆ ತೋರಿಸುತ್ತದೆ, ಜಲಮಂಡಳಿ ಪಾಲಿಕೆಯ ಕಡೆ. ಅಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಒಂದು ಕೈನಕ್ಷೆಯಲ್ಲಿ ಮೂರನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ ದೂರಿಗೆ ಲಗತ್ತಿಸುವುದು ಒಳ್ಳೆಯದು.

ಹಾಗೆಯೇ ‘ಲೈಸೆನ್ಸ್ ಇದೆಯಾ’ ಎಂದು ಕೇಳಿದರೆ ಕಾರ್ಖಾನೆಯವರು ಪಾಲಿಕೆಯ ಉದ್ದಿಮೆ ಪರವಾನಗಿ ತೋರಿಸಿಬಿಡುತ್ತಾರೆ. ಕೇಳಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮ್ಮತಿ ಪತ್ರ’. ಎಷ್ಟು ನೀರು, ಎಲ್ಲಿಗೆ, ಎಂಥದ್ದು ಬಿಡಬಹುದು ಎಂಬ ಷರತ್ತುಗಳು ಅದರಲ್ಲೇ ಇರುತ್ತವೆ. ಜನರು ಬಾಟಲಿಯಲ್ಲಿ ಹಿಡಿದ ನೀರು ಎಚ್ಚರಿಕೆ ಕೊಡಲು ಸಾಕು; ಹುಳಿ-ಕ್ಷಾರ ಅಳೆಯುವ ಪಿಎಚ್ ಪಟ್ಟಿ ಅದ್ದಿದಾಗ 5.5ರಿಂದ 9ರ ಆಚೆ ತೋರಿಸಿದರೆ ವಿಸರ್ಜನೆಯ ಸಾಮಾನ್ಯ ಮಾನದಂಡ ಮೀರಿದ ಹಾಗೆ. ಆದರೆ ಕಾನೂನಿನ ಸಾಕ್ಷ್ಯವಾಗಬೇಕಾದರೆ ಅದೇ ಜಲಮಾಲಿನ್ಯ ಕಾಯ್ದೆಯ 21ನೇ ಕಲಮಿನ ಕ್ರಮದಲ್ಲಿ ಮಂಡಳಿಯವರೇ ತೆಗೆಯಬೇಕು: ಕಾರ್ಖಾನೆಯವರಿಗೆ ನೋಟಿಸ್ ಕೊಟ್ಟು, ಎರಡು ಭಾಗ ಮಾಡಿ, ಮೊಹರು ಮಾಡಿ. ಹಾಗಾಗಿ ದೂರಿನಲ್ಲಿ ‘ಪರಿಶೀಲಿಸಿ’ ಎಂಬ ತೇಲುಮಾತು ಬೇಡ. ‘ಸ್ಥಳಕ್ಕೆ ಬಂದು, 21ನೇ ಕಲಮಿನಂತೆ ಮಾದರಿ ಸಂಗ್ರಹಿಸಿ’ ಎಂದೇ ಬರೆಯಿರಿ. ರಾತ್ರಿ ಬಿಡುವ ನೀರಾದರೆ ಗಂಟೆಯನ್ನೂ ನಮೂದಿಸಿ, ಇಲ್ಲದಿದ್ದರೆ ಹಗಲು ಹನ್ನೊಂದಕ್ಕೆ ಬಂದು ತಿಳಿನೀರು ತುಂಬಿಕೊಂಡು ಹೋಗುತ್ತಾರೆ.

ಉತ್ತರ 2:

ಉಳಿದ ಪದಗಳ ಬಗ್ಗೆ.

‘ಪರಿಸರ ನ್ಯಾಯ’ ಇಟ್ಟುಕೊಳ್ಳಿ, ಆದರೆ ವಿವರಣೆಯಿಲ್ಲದೆ ಬಿಡಬೇಡಿ. ಶಾಲೆಯ ಪರಿಸರ ದಿನದಿಂದಾಗಿ ‘ಪರಿಸರ’ ಎಂದರೆ ಸಸಿ ನೆಡುವುದು ಎಂದೇ ಕಿವಿಗೆ ಬೀಳುತ್ತದೆ. ‘ನ್ಯಾಯ’ ಎಂದರೆ ಕೋರ್ಟು, ಇಲ್ಲವೇ ಪಂಚಾಯ್ತಿ ಕಟ್ಟೆಯ ಜಗಳ ಬಿಡಿಸುವಿಕೆ. ಈ ಮಾತು ಬೆಳೆದದ್ದು ಅಮೆರಿಕದಲ್ಲಿ. ಉತ್ತರ ಕ್ಯಾರೊಲಿನಾದ ವಾರನ್ ಕೌಂಟಿಯಲ್ಲಿ ಬಡ ಕಪ್ಪು ಜನ ಹೆಚ್ಚಿರುವ ಕಡೆ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕದ ವಿಷ ಬೆರೆತ ಮಣ್ಣು ಹೂಳಲು ಹೊರಟಾಗ, 1982ರಲ್ಲಿ ಜನ ಲಾರಿಗಳಿಗೆ ಅಡ್ಡ ಮಲಗಿದರು. 500ಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಗುಂಡಿ ನಿಲ್ಲಲಿಲ್ಲ, ಆದರೆ ವಿಷ ಯಾರ ಮನೆಯ ಹತ್ತಿರ ಹೋಗುತ್ತದೆ ಎಂಬ ಪ್ರಶ್ನೆ ನಿಂತಿತು. 1991ರಲ್ಲಿ ವಾಷಿಂಗ್ಟನ್ನಿನ ಸಮಾವೇಶ ಪರಿಸರ ನ್ಯಾಯದ 17 ತತ್ವಗಳನ್ನು ಒಪ್ಪಿತು. ಇಲ್ಲಿಯದೇ ಉದಾಹರಣೆ ಬೇಕಾದರೆ ಬೆಂಗಳೂರಿನ ಕಸ ಸುರಿದ ಮಾವಳ್ಳಿಪುರ, ಮಂಡೂರು ಇವೆ. ಮಂಡೂರಿನವರ ಹೋರಾಟದಿಂದ 2014ರ ಡಿಸೆಂಬರ್ 1ರಿಂದ ಅಲ್ಲಿ ಸುರಿಯುವುದು ನಿಂತಿತು. ಕಸ ಬೇರೆ ಹಳ್ಳಿಗಳ ಕಡೆ ತಿರುಗಿತು. ಆದ್ದರಿಂದ ವಿವರಣೆ ಹೀಗಿರಲಿ: ‘ಊರಿನ ಕೊಳೆಯ ಭಾರ ಬಡವರ ಕೇರಿಯ ಮೇಲೇ ಬೀಳಬಾರದು, ಎಲ್ಲಿ ಹಾಕಬೇಕೆಂಬ ತೀರ್ಮಾನದಲ್ಲಿ ಅವರ ಮಾತೂ ನಡೆಯಬೇಕು.’ ಎರಡನೆಯ ಅರ್ಧ ಬಿಟ್ಟರೆ ಪದದ ಅರ್ಥವೇ ಅರ್ಧವಾಗುತ್ತದೆ.

‘ಬೇರುಮಟ್ಟ’ ಬೇಡ. ವರದಿಗಳಿಗೆ ‘ತಳಮಟ್ಟ’ ಇದೆ. ಕರಪತ್ರಕ್ಕೆ ಅದೂ ಬೇಡ, ಅಲ್ಲಿರುವವರು ತಮ್ಮನ್ನು ತಳ ಎಂದುಕೊಳ್ಳುವುದಿಲ್ಲ. ‘ಸಂಘಟನೆ’ ಎಂದರೆ ಬಾವುಟ, ಶಾಲು ಇರುವ ಪಕ್ಷದಂಥದ್ದು ಎಂಬ ಅರ್ಥ ನೆಲೆಗೊಂಡಿದೆ. ‘ಸಂಘ ಮಾಡೋಣ’ ಎಂದರೆ ಹೆಂಗಸರು ಸಾಲದ ಸಂಘ ಎಂದು ತಿಳಿದು ಕಂತೆಷ್ಟು ಎಂದು ಕೇಳುತ್ತಾರೆ. ‘ಗಲ್ಲಿ ಸಭೆ’, ‘ಕೂಡಿ ಕೇಳೋಣ’ ಇವು ನೇರವಾಗಿ ತಲುಪುತ್ತವೆ.

‘ಕೊಳೆಗೇರಿ’ ಎಂಬ ಹೆಸರೇ ಕೊಳೆಯನ್ನು ಅಲ್ಲಿರುವವರ ತಲೆಗೆ ಕಟ್ಟುತ್ತದೆ, ಅದು ಎಲ್ಲಿಂದ ಹರಿದು ಬಂತೆಂದು ಹೇಳುವುದಿಲ್ಲ. ಜನ ಕರೆಯುವ ಹೆಸರನ್ನೇ ಬರೆಯಿರಿ: ಇಂಥ ನಗರ, ಇಂಥ ಕಾಲೋನಿ. ಆದರೆ ಅರ್ಜಿಯಲ್ಲಿ ಕಾನೂನಿನ ಪದವನ್ನು ಬಿಡುವಂತಿಲ್ಲ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯ 3ನೇ ಕಲಮಿನಂತೆ ‘ಘೋಷಿತ ಕೊಳಚೆ ಪ್ರದೇಶ’ವಾಗಿದ್ದರೆ ಅಧಿಸೂಚನೆಯ ದಿನಾಂಕ ಸಹಿತ ನಮೂದಿಸಿ, ಚರಂಡಿ, ಶೌಚಾಲಯ ಕೇಳುವಾಗ ಅದು ಆಧಾರ.

‘ಚಿಂದಿ ಆಯುವವರು’ ಎಂದು ಬರೆಯದೆ ‘ತ್ಯಾಜ್ಯ ಆಯುವವರು’ ಎನ್ನಿ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಅವರಿಗೆ ವ್ಯಾಖ್ಯೆ ಬಂದಿತ್ತು.

ಉತ್ತರ 3:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಕೆ. ನಮ್ಮ ಅರ್ಜಿಗಳ ಮೊದಲ ಸಾಲು ಸಾಮಾನ್ಯವಾಗಿ ‘ಬಹಳ ವರ್ಷಗಳಿಂದ ತೊಂದರೆ ಅನುಭವಿಸುತ್ತಿದ್ದೇವೆ’. ಕರುಣೆ ಹುಟ್ಟಿಸಲು ಬರೆಯುವ ಈ ವಾಕ್ಯ ಮುಂದೆ ತಿರುಗಿ ಬೀಳುತ್ತದೆ. ಪರಿಸರದ ವ್ಯಾಜ್ಯಗಳನ್ನು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈನಲ್ಲಿರುವ ದಕ್ಷಿಣ ಪೀಠಕ್ಕೆ ಹೋಗಬೇಕಾದರೆ, ಆ ಮಂಡಳಿಯ 2010ರ ಕಾಯ್ದೆಯ 14ನೇ ಕಲಮಿನಲ್ಲಿ ವ್ಯಾಜ್ಯದ ಕಾರಣ ಮೊದಲು ಹುಟ್ಟಿದಂದಿನಿಂದ 6 ತಿಂಗಳ ಗಡುವಿದೆ; ಸಕಾರಣವಿದ್ದರೆ ಮತ್ತೆ 60 ದಿನ, ಅಷ್ಟೇ. ಪರಿಹಾರ ಕೇಳುವ 15ನೇ ಕಲಮಿಗೆ 5 ವರ್ಷ. ಎದುರು ವಕೀಲರು ನಿಮ್ಮದೇ ಅರ್ಜಿಯ ‘ಬಹಳ ವರ್ಷಗಳಿಂದ’ ಎಂಬುದನ್ನು ಓದಿ, ಗಡುವು ಮೀರಿದೆ ಎನ್ನುತ್ತಾರೆ. ಬದಲಿಗೆ ಪ್ರತಿ ಘಟನೆಗೂ ಬೇರೆ ಸಾಲು: ದಿನಾಂಕ, ಗಂಟೆ, ಬಣ್ಣ, ವಾಸನೆ, ನೀರು ಯಾವ ಕೊಳವೆಯಿಂದ ಬಂತು, ಕಂಡವರು ಯಾರು. ಹೆಬ್ಬೆಟ್ಟು ಒತ್ತುವವರಿದ್ದರೆ ಗುರುತಿನ ಪಕ್ಕದಲ್ಲೇ ಅವರ ಹೆಸರು, ಮನೆ ನಂಬರು. ಕೊನೆಗೆ ‘ಓದಿ ಹೇಳಲಾಗಿ, ಸರಿಯೆಂದು ಒಪ್ಪಿದ್ದೇವೆ’ ಎಂಬ ವಾಕ್ಯ, ಅದರ ಕೆಳಗೆ ಬರೆದುಕೊಟ್ಟವರ ಸಹಿ.