ಟಾಯ್ಲೆಟ್ ಕ್ಲೀನರ್ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಬಹುದಾ?

ಬೋರ್‌ವೆಲ್_ಮನೆ:
ನಮ್ಮದು ಬೋರ್‌ವೆಲ್ ನೀರು, ಕಮೋಡಿನಲ್ಲಿ ಕಲೆ ಕಟ್ಟಿಕೊಂಡು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಟಾಯ್ಲೆಟ್ ಕ್ಲೀನರ್ ಹಾಕಿ ಅದರ ಮೇಲೆ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಉದುರಿಸಿ, ಬಾಗಿಲು ಹಾಕಿ ಅರ್ಧ ಗಂಟೆ ಬಿಡಿ ಅಂತ ಪಕ್ಕದ ಮನೆಯವರು ಹೇಳಿದ್ದಾರೆ. ಅತ್ತೆ ಪೌಡರ್ ತರಿಸಿಯೂ ಆಯಿತು. ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ಯಾರಾದರೂ ಮಾಡಿ ನೋಡಿದ್ದೀರಾ?

ಕೆಮಿಸ್ಟ್ರಿ_ಮೇಷ್ಟ್ರು:
ಬೇಡ ಮೇಡಂ. ಹಾರ್ಪಿಕ್ ಥರದ ಕ್ಲೀನರ್‌ಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್, ಸುಮಾರು 10%. ಬ್ಲೀಚಿಂಗ್ ಪೌಡರ್‌ಗೆ ಆಸಿಡ್ ತಾಗಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ಹತ್ತಿರ ಸೈನಿಕರ ಮೇಲೆ ಬಿಟ್ಟದ್ದೂ ಇದನ್ನೇ. ತಮಾಷೆ ಏನಂದ್ರೆ ಇದರಿಂದ ಕಲೆಯೂ ಹೋಗುವುದಿಲ್ಲ. ಗಡಸು ನೀರಿನ ಕಲೆ ಅಂದರೆ ಸುಣ್ಣದ ಅಂಶ, ಅದನ್ನು ಕರಗಿಸುವುದು ಆಸಿಡ್. ಬ್ಲೀಚಿಂಗ್ ಪೌಡರ್‌ನಲ್ಲೂ ಸುಣ್ಣ ಇದೆ, ಅದು ಹಾಕಿದ ಆಸಿಡ್ಡನ್ನೇ ತಿಂದು ಹಾಕುತ್ತದೆ.

ಹಿತ್ತಲಮನೆ:
ಸುಮ್ನೆ ಹೆದರಿಸಬೇಡಿ ಸಾರ್. ನಮ್ಮೂರಲ್ಲಿ ಅಜ್ಜಿ ಕಾಲದಿಂದ ಆಸಿಡ್, ಬ್ಲೀಚಿಂಗ್ ಎಲ್ಲ ಸುರಿದೇ ತೊಳೆಯುವುದು. ಯಾರಿಗೂ ಏನೂ ಆಗಿಲ್ಲ.

ಕೆಮಿಸ್ಟ್ರಿ_ಮೇಷ್ಟ್ರು:
ಹಿತ್ತಲಲ್ಲಿ, ಮೇಲೆಲ್ಲ ಗಾಳಿ ಆಡುವ ಕಕ್ಕಸಿನಲ್ಲಿ ತೊಳೆದಿರುತ್ತಾರೆ, ಅಲ್ವಾ? ಫ್ಲ್ಯಾಟಿನ ಬಾತ್‌ರೂಮು ಹಾಗಲ್ಲ. ಈ ಗ್ಯಾಸ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ಕೆಳಗೇ ನಿಲ್ಲುತ್ತದೆ, ಕುಕ್ಕರುಗಾಲಲ್ಲಿ ಕೂತು ಉಜ್ಜುವವರ ಮೂಗೂ ಅಲ್ಲೇ ಇರುತ್ತದೆ.

ನೈಟ್‌ಡ್ಯೂಟಿ_ನರ್ಸ್:
ಯಾರಾದರೂ ಆಗಲೇ ಬೆರೆಸಿಬಿಟ್ಟಿದ್ದರೆ ಅದನ್ನು ತೊಳೆಯಲು ನಿಲ್ಲಬೇಡಿ. ಮೊದಲು ಹೊರಗೆ ಬನ್ನಿ, ಕಣ್ಣು ಉರಿದರೆ ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆದುಕೊಳ್ಳಿ. ಕೆಮ್ಮು ನಿಂತಿತು ಅಂತ ಮರೆಯಬೇಡಿ, ಗ್ಯಾಸ್ ಜಾಸ್ತಿ ಉಸಿರಲ್ಲಿ ಒಳಗೆ ಹೋಗಿದ್ದರೆ ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಉಸಿರು ಕಟ್ಟಿದ ಹಾಗಾದರೆ, ಅಸ್ತಮಾ ಇದ್ದವರಾದರೆ, ಕಾಯದೆ 108ಕ್ಕೆ ಫೋನ್ ಮಾಡಿ. ಬಾಟಲಿಯ ಫೋಟೋ ತೆಗೆದುಕೊಂಡು ಹೋಗಿ, ಡಾಕ್ಟರ್ ಮೊದಲು ಕೇಳುವುದೇ ಅದನ್ನು.

ಬೋರ್‌ವೆಲ್_ಮನೆ:
ಅತ್ತೆಗೆ ಓದಿ ಹೇಳಿದೆ. ಹಾಗಾದ್ರೆ ವಿನೆಗರ್‌ಗೆ ಅಡುಗೆ ಸೋಡಾ ಹಾಕಿದರೆ ಹೇಗೆ ಅಂತ ಕೇಳ್ತಿದ್ದಾರೆ.

ಕೆಮಿಸ್ಟ್ರಿ_ಮೇಷ್ಟ್ರು:
ಅದರಿಂದ ಅಪಾಯ ಇಲ್ಲ, ಆದರೆ ಮುಚ್ಚಿದ ಬಾಟಲಿಯಲ್ಲಿ ಬೆರೆಸಬೇಡಿ, ಒಡೆಯುತ್ತದೆ. ಪ್ರಯೋಜನವೂ ಅಷ್ಟಕ್ಕಷ್ಟೇ. ಬುರುಬುರು ನೊರೆ ಬಂದು ಎರಡೂ ಒಂದನ್ನೊಂದು ಕೊಂದುಕೊಳ್ಳುತ್ತವೆ. ಟೈಲ್ಸ್ ಕಲೆಗೆ ಬರೀ ವಿನೆಗರ್ ಸಾಕು, ಮಾರ್ಬಲ್ ಇದ್ದರೆ ಅದೂ ಬೇಡ. ಕಮೋಡಿಗೆ ಆಸಿಡ್ ಕ್ಲೀನರ್ ಒಂದನ್ನೇ ಹಾಕಿ, ಬ್ರಷ್ ಮಾಡಿ, ಫ್ಲಶ್ ಮಾಡಿ. ಬ್ಲೀಚಿಂಗ್ ಬೇಕೇ ಬೇಕು ಅಂದರೆ ಇನ್ನೊಂದು ದಿನ. ಬ್ಲೀಚಿಗೆ ವಿನೆಗರ್ ಆಗಲಿ, ಅಮೋನಿಯ ಇರುವ ಗಾಜು ಒರೆಸುವ ಲಿಕ್ವಿಡ್ ಆಗಲಿ ಸೇರಿಸಬೇಡಿ. ಅಂಗಡಿಯಲ್ಲಿ ಬ್ರ್ಯಾಂಡ್ ಹೆಸರು ನೋಡಿ ಸುಮ್ಮನಾಗಬೇಡಿ, ಒಂದೇ ಹೆಸರಲ್ಲಿ ಆಸಿಡ್ಡಿನ ಬಾಟಲಿಯೂ ಬ್ಲೀಚಿನ ಬಾಟಲಿಯೂ ಬರುತ್ತವೆ. ಹಿಂದಿನ ಸಣ್ಣಕ್ಷರದಲ್ಲಿ ‘ಹೈಪೋಕ್ಲೋರೈಟ್’ ಅಂತಿದ್ದರೆ ಅದು ಬ್ಲೀಚು.